ಮುದ್ದೆ, ಅನ್ನ, ತಟ್ಟೆ ಇಡ್ಲಿ: ಶುಗರ್ ಇರುವವರು ಕಾರ್ಬ್ ಲೆಕ್ಕ ಹಾಕುವುದು ಹೇಗೆ?

ತುಮಕೂರು ಕಡೆ ಶುಗರ್ ಇರುವವರನ್ನು ಮಾತಾಡಿಸಿದರೆ ಈ ಮಾತು ಬಂದೇ ಬರುತ್ತದೆ: 'ನಾನು ಅನ್ನ ಮುಟ್ಟಲ್ಲ ಕಣಪ್ಪ, ಎರಡು ಹೊತ್ತೂ ಮುದ್ದೇನೇ. ಆದ್ರೂ ಶುಗರ್ ಇಳೀತಾನೇ ಇಲ್ಲ.' ಇದರಲ್ಲಿ ಸುಳ್ಳೇನಿಲ್ಲ. ಎಷ್ಟು ಹಿಟ್ಟಿನ ಮುದ್ದೆ ಅನ್ನೋದನ್ನು ಮಾತ್ರ ಯಾರೂ ಕೇಳಿರುವುದಿಲ್ಲ, ಇವರೂ ಹೇಳಿರುವುದಿಲ್ಲ.

100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್ (ಕಾರ್ಬ್, ಅಂದರೆ ಪಿಷ್ಟ, ಸಕ್ಕರೆಯ ಅಂಶ) ಇದೆ. 100 ಗ್ರಾಂ ಅಕ್ಕಿಯಲ್ಲಿ 78. ಇದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಪಟ್ಟಿಯ ಲೆಕ್ಕ. ರಾಗಿಯಲ್ಲಿ ನಾರು ಜಾಸ್ತಿ, 100 ಗ್ರಾಂಗೆ 11 ಗ್ರಾಂ. ಕ್ಯಾಲ್ಸಿಯಂ ಅಂತೂ ಅಕ್ಕಿಗಿಂತ ಎಷ್ಟೋ ಪಟ್ಟು ಹೆಚ್ಚು. ಹಾಗಾಗಿ ಮುದ್ದೆ ಒಳ್ಳೆಯ ಊಟವೇ, ಅನುಮಾನ ಬೇಡ. ಆದರೆ ಅದು ಕಾರ್ಬ್ ಇಲ್ಲದ ಊಟ ಅಲ್ಲ. ದೊಡ್ಡ ಮುದ್ದೆ ನುಂಗಿದರೆ ಎರಡು ತಟ್ಟೆ ಅನ್ನ ಉಂಡಷ್ಟೇ ಕಾರ್ಬ್ ಒಳಗೆ ಹೋಗಿರಬಹುದು.

ಕಾರ್ಬ್ ಲೆಕ್ಕ ಅಂದರೆ ಇಷ್ಟೇ: ಪ್ರತಿ ಊಟದಲ್ಲಿ ಎಷ್ಟು ಗ್ರಾಂ ಕಾರ್ಬ್ ಹೋಗುತ್ತಿದೆ ಅಂತ ತಿಳಿದುಕೊಂಡು, ದಿನವೂ ಅದನ್ನು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಇಡುವುದು. ಊಟ ಆದ ಮೇಲೆ ಶುಗರ್ ಏರುವುದು ಮುಖ್ಯವಾಗಿ ಕಾರ್ಬ್‌ನಿಂದ. ಪ್ರೋಟೀನು, ಎಣ್ಣೆ, ತುಪ್ಪದ ಪ್ರಭಾವ ಕಡಿಮೆ, ಅದೂ ನಿಧಾನ.

ಶುರು ಮಾಡುವ ಮೊದಲು ಡಾಕ್ಟರ್ ಹತ್ತಿರ ಒಂದು ಮಾತು

ಇದನ್ನು ಹಾರಿಸಿಕೊಂಡು ಮುಂದೆ ಓದಬೇಡಿ. ನೀವು ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ, ಇಲ್ಲವೇ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಥರದ ಮಾತ್ರೆ ನುಂಗುತ್ತಿದ್ದರೆ, ಹೇಳದೆ ಕೇಳದೆ ಊಟ ಅರ್ಧ ಮಾಡಿದರೆ ಶುಗರ್ ತೀರಾ ಕೆಳಗೆ ಬೀಳುತ್ತದೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರು ಕಾರ್ಬ್ ಪೂರ್ತಿ ಬಿಟ್ಟರೆ ಬೇರೆ ಅಪಾಯ. ಶುಗರ್ ಅಷ್ಟೇನೂ ಏರದೆಯೂ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಸೇರಿಕೊಂಡು ಆಸ್ಪತ್ರೆಗೆ ಸೇರಬೇಕಾಗುತ್ತದೆ. ಬಸುರಿಯರು, ಕಿಡ್ನಿ ತೊಂದರೆ ಇರುವವರು, ಟೈಪ್ 1 (ಮೈಯಲ್ಲಿ ಇನ್ಸುಲಿನ್ನೇ ತಯಾರಾಗದ ಶುಗರ್) ಇರುವ ಮಕ್ಕಳು ಸ್ವಂತ ನಿರ್ಧಾರದಿಂದ ಊಟ ಕಡಿತ ಮಾಡಲೇಬಾರದು.

'ಒಂದು ಊಟಕ್ಕೆ ಎಷ್ಟು ಗ್ರಾಂ ಕಾರ್ಬ್ ತಿನ್ನಲಿ?' ಈ ಪ್ರಶ್ನೆಯನ್ನೇ ನೇರವಾಗಿ ಕೇಳಿ. ಸಾಮಾನ್ಯವಾಗಿ ಊಟಕ್ಕೆ 45ರಿಂದ 60 ಗ್ರಾಂ, ನಡುವೆ ಏನಾದರೂ ತಿಂದರೆ 15 ಗ್ರಾಂ ಅಂತ ಶುರು ಮಾಡಿಸುತ್ತಾರೆ. ಹೊಲದಲ್ಲಿ ದುಡಿಯುವವರಿಗೆ ಜಾಸ್ತಿ ಬೇಕಾಗಬಹುದು, ಕೂತು ಕೆಲಸ ಮಾಡುವವರಿಗೆ ಕಡಿಮೆ ಸಾಕಾಗಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಎನ್‌ಸಿಡಿ (ಶುಗರ್, ಬಿಪಿಯಂಥ ಅಂಟದ ಕಾಯಿಲೆಗಳ) ಕ್ಲಿನಿಕ್ ಇರುತ್ತದೆ. ಶುಗರ್ ಪರೀಕ್ಷೆ, ಸಲಹೆ ಎರಡೂ ಅಲ್ಲಿ ಸಿಗುತ್ತವೆ.

ಏನೇನು ಬೇಕು?

ಒಂದು ಡಿಜಿಟಲ್ ಅಡುಗೆ ತಕ್ಕಡಿ. ಐದು ಕೆಜಿವರೆಗೆ ತೂಗುವುದು, ಒಂದು ಗ್ರಾಂ ವ್ಯತ್ಯಾಸ ತೋರಿಸುವುದು ಇದ್ದರೆ ಸಾಕು. ಒಂದು ಗ್ಲುಕೋಮೀಟರ್ (ಮನೆಯಲ್ಲೇ ಶುಗರ್ ನೋಡುವ ಮೀಟರ್), ಅದರ ಸ್ಟ್ರಿಪ್‌ಗಳು. ಒಂದು ನೋಟ್ ಬುಕ್. ಮೊಬೈಲ್ ಆ್ಯಪ್ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ಆ್ಯಪ್‌ನಲ್ಲಿ 'ರಾಗಿ ಮುದ್ದೆ, ಒಂದು' ಅಂತ ಇರುತ್ತದೆ. ಯಾರ ಮನೆಯ ಒಂದು?

ಮೊದಲನೇ ಹೆಜ್ಜೆ: ಯಾವುದಕ್ಕೆ ಲೆಕ್ಕ, ಯಾವುದಕ್ಕೆ ಬೇಡ

ರಾಗಿ, ಅಕ್ಕಿ, ಗೋಧಿ, ಜೋಳ, ನವಣೆ, ಸಾಮೆ, ರವೆ, ಅವಲಕ್ಕಿ, ಶಾವಿಗೆ ಎಲ್ಲಕ್ಕೂ ಲೆಕ್ಕ ಇದೆ. ಬೇಳೆ ಕಾಳಿಗೆ ಇದೆ. ಆಲೂಗಡ್ಡೆ, ಗೆಣಸಿಗೆ ಇದೆ. ಹಾಲು, ಮೊಸರು, ಹಣ್ಣು, ಸಕ್ಕರೆ, ಬೆಲ್ಲ, ಜೇನುತುಪ್ಪಕ್ಕೂ ಇದೆ.

ಸೊಪ್ಪು, ಬದನೆ, ಹೀರೆ, ಸೋರೆ, ಬೆಂಡೆ, ಎಲೆಕೋಸು, ಟೊಮೆಟೊ, ಸೌತೆ ಇವುಗಳಲ್ಲಿ ಕಾರ್ಬ್ ತೀರಾ ಕಡಿಮೆ. ಮಾಮೂಲಿ ಪಲ್ಯಕ್ಕೆ ಲೆಕ್ಕ ಬಿಟ್ಟುಬಿಡಬಹುದು. ಮೊಟ್ಟೆ, ಕೋಳಿ, ಮಟನ್, ಮೀನಿಗೆ ಲೆಕ್ಕವೇ ಇಲ್ಲ. ನಮ್ಮದು ಕಲ್ಪತರು ನಾಡು, ತೆಂಗಿನಕಾಯಿ ಇಲ್ಲದೆ ಸಾರೇ ಇಲ್ಲ. ಕಾಯಿತುರಿಯಲ್ಲಿ ಇರುವುದು ಹೆಚ್ಚಾಗಿ ಕೊಬ್ಬು, ಕಾರ್ಬ್ ಕಡಿಮೆ. ಹಾಗಂತ ತಿಪಟೂರು ಕೊಬ್ಬರಿಯನ್ನು ಸುಮ್ನೆ ಮೆಲ್ಲುತ್ತಾ ಕೂತರೆ ಶುಗರ್ ಏರದಿದ್ದರೂ ತೂಕ ಏರುತ್ತದೆ.

ಎರಡನೇ ಹೆಜ್ಜೆ: ಬೇಯಿಸುವ ಮೊದಲು ತೂಗಿ

ಇಡೀ ಲೆಕ್ಕದ ಗುಟ್ಟು ಇಲ್ಲಿದೆ. ಬೇಯಿಸಿದಾಗ ನೀರು ಸೇರುತ್ತದೆ, ತೂಕ ಹೆಚ್ಚುತ್ತದೆ. ಕಾರ್ಬ್ ಹೆಚ್ಚುವುದಿಲ್ಲ. ಹಿಟ್ಟಿನಲ್ಲಿ ಎಷ್ಟಿತ್ತೋ ಮುದ್ದೆಯಲ್ಲೂ ಅಷ್ಟೇ. ಗಟ್ಟಿ ಮುದ್ದೆ, ಮೆತ್ತನೆ ಮುದ್ದೆ ಎರಡೂ ಕೈಗೆ ಒಂದೇ ಗಾತ್ರ ಕಂಡರೂ ಒಳಗಿನ ಹಿಟ್ಟು ಬೇರೆ ಬೇರೆ. ಅದಕ್ಕೇ ಮುದ್ದೆಯನ್ನಲ್ಲ, ಹಿಟ್ಟನ್ನು ತೂಗಬೇಕು.

ನೆನಪಿಟ್ಟುಕೊಳ್ಳಬೇಕಾದ ಅಂಕಿಗಳು ಕೆಲವೇ. 100 ಗ್ರಾಂ ಒಣ ಪದಾರ್ಥಕ್ಕೆ ಸುಮಾರಾಗಿ ಹೀಗೆ:

ರಾಗಿ ಹಿಟ್ಟು – 67 ಗ್ರಾಂ
ಅಕ್ಕಿ, ನುಚ್ಚು, ಅವಲಕ್ಕಿ – 78
ಗೋಧಿ ಹಿಟ್ಟು – 65, ರವೆ – 68, ಮೈದಾ – 74
ಸಾಮೆ, ನವಣೆ, ಹಾರಕ – 60ರಿಂದ 67
ತೊಗರಿಬೇಳೆ, ಹುರುಳಿ – 55ರಿಂದ 57, ಉದ್ದಿನಬೇಳೆ – 51
ಬೆಲ್ಲ – 85, ಸಕ್ಕರೆ – 100

ಸಿರಿಧಾನ್ಯದ ಸಾಲನ್ನು ಇನ್ನೊಂದು ಸಲ ನೋಡಿ. ಸಾಮೆ ಅನ್ನ ಎಷ್ಟು ಉಂಡರೂ ಶುಗರ್ ಏರಲ್ಲ ಅಂತ ಯಾರಾದರೂ ಹೇಳಿದರೆ ಈ ಅಂಕಿ ತೋರಿಸಿ. ಬೆಲ್ಲದ ಸಾಲನ್ನೂ ನೋಡಿ. 'ಸಕ್ಕರೆ ಬಿಟ್ಟಿದ್ದೀನಿ, ಕಾಫಿಗೆ ಬೆಲ್ಲವೇ' ಅನ್ನುವವರು ಬಿಟ್ಟಿರುವುದು ನೂರಕ್ಕೆ ಹದಿನೈದು ಭಾಗ ಮಾತ್ರ.

ಇನ್ನೊಂದು ಮಾತು. ಧಾನ್ಯ, ಬೇಳೆಗೆ ನಾನು ಕೊಟ್ಟಿರುವ ಅಂಕಿಗಳಲ್ಲಿ ನಾರು ಸೇರಿಲ್ಲ. ನಾರಿನ ಲೆಕ್ಕ ಅಂತ ಮತ್ತೆ ಕಳೆಯಬೇಡಿ.

ಮೂರನೇ ಹೆಜ್ಜೆ: ಮುದ್ದೆಯ ಲೆಕ್ಕ

ಒಂದು ಸಂಜೆ ಮುದ್ದೆ ಮಾಡುವಾಗ ತಕ್ಕಡಿಯನ್ನು ಒಲೆ ಕಟ್ಟೆಯ ಪಕ್ಕಕ್ಕೆ ಇಟ್ಟುಕೊಳ್ಳಿ. ಎಸರು ಕುದಿಯುವ ಮೊದಲೇ ಹಿಟ್ಟಿನ ಡಬ್ಬವನ್ನು ಮುಚ್ಚಳ ತೆಗೆದು ತೂಗಿ ಬರೆದುಕೊಳ್ಳಿ. ಆಮೇಲೆ ಮನೆಯಾಕೆ ದಿನಾ ಹೇಗೆ ಹಾಕುತ್ತಾರೋ ಹಾಗೇ ಹಾಕಲಿ. ಕೈ ಅಳತೆಯಲ್ಲಿ ಹಾಕುವವರಿಗೆ ಲೋಟ ಕೊಟ್ಟು ತೊಂದರೆ ಮಾಡಬೇಡಿ. ಮುದ್ದೆ ಕೋಲಿನಲ್ಲಿ ತೊಳಸಿ ಆದ ಮೇಲೆ ಡಬ್ಬವನ್ನು ಮತ್ತೆ ತೂಗಿ. ಕಡಿಮೆಯಾದದ್ದೇ ಖರ್ಚಾದ ಹಿಟ್ಟು. ಕಡೆಯಲ್ಲಿ ಮೇಲಿಂದ ಚಿಮುಕಿಸಿದ ಒಂದು ಹಿಡಿ ಹಿಟ್ಟೂ ಇದರಲ್ಲಿ ಸೇರಿಕೊಳ್ಳುತ್ತದೆ. ಲೋಟದಲ್ಲಿ ಅಳೆದಿದ್ದರೆ ಅದೇ ತಪ್ಪಿಹೋಗುತ್ತಿತ್ತು.

ಎಸರಿಗೆ ನುಚ್ಚು ಹಾಕುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಆ ನುಚ್ಚನ್ನೂ ತೂಗಬೇಕು.

ಈಗ ಲೆಕ್ಕ. ಹಿಟ್ಟು 300 ಗ್ರಾಂ ಖರ್ಚಾಗಿದೆ, ನುಚ್ಚು 40 ಗ್ರಾಂ ಅನ್ನೋಣ. ಹಿಟ್ಟಿನದು 201 ಗ್ರಾಂ ಕಾರ್ಬ್, ನುಚ್ಚಿನದು 31. ಒಟ್ಟು 232. ನಾಲ್ಕು ಸಮ ಮುದ್ದೆ ಕಟ್ಟಿದರೆ ಒಂದಕ್ಕೆ 58 ಗ್ರಾಂ. ಡಾಕ್ಟರ್ ಒಂದು ಊಟಕ್ಕೆ 60 ಅಂದಿದ್ದರೆ ಕೋಟಾ ಮುದ್ದೆಯಲ್ಲೇ ಮುಗಿಯಿತು. ಸಾರಿನ ಬೇಳೆ, ಕೊನೆಗೆ 'ಒಂದ್ ಹಿಡಿ ಅನ್ನ', ಮಜ್ಜಿಗೆ ಎಲ್ಲವೂ ಮೇಲಿನ ಖರ್ಚು.

ಇದಕ್ಕೆ ಪರಿಹಾರ ಮುದ್ದೆ ಬಿಡುವುದಲ್ಲ. ನುಚ್ಚು ಬಿಟ್ಟು, 60 ಗ್ರಾಂ ಹಿಟ್ಟಿನ ಮುದ್ದೆ ಕಟ್ಟಿ. 40 ಗ್ರಾಂ ಕಾರ್ಬ್ ಆಯಿತು. ಬಟ್ಟಲು ತುಂಬ ಬಸ್ಸಾರು ಇಲ್ಲವೇ ಮಸ್ಸೊಪ್ಪು, ಅದರ ಬೇಳೆಗೆ 12 ಗ್ರಾಂ ಇಟ್ಟುಕೊಳ್ಳಿ. ಬಸಿದ ಸೊಪ್ಪಿನ ಪಲ್ಯ ಬೇಕಾದಷ್ಟು. ಒಂದು ಲೋಟ ಮಜ್ಜಿಗೆಗೆ 5. ಒಟ್ಟು 57. ಹೊಟ್ಟೆ ತುಂಬುತ್ತದೆ, ಲೆಕ್ಕವೂ ಮೀರುವುದಿಲ್ಲ. ಸೊಪ್ಪು, ಕಾಳು ಜೊತೆಗಿದ್ದರೆ ಶುಗರ್ ಏರುವ ವೇಗವೂ ತಗ್ಗುತ್ತದೆ.

ಮನೆಯಲ್ಲಿ ಎಲ್ಲರಿಗೂ ಒಂದೇ ಗಾತ್ರದ ಮುದ್ದೆ ಬೇಡ. ಶುಗರ್ ಇರುವವರದು ಮೊದಲು ಕಟ್ಟಿ ಬೇರೆ ಇಡಿ. ಬಿಸಿ ಹಿಟ್ಟನ್ನು ಪೂರ್ತಿ ಒಂದು ಸಲ, ಅವರ ಪಾಲನ್ನು ಒಂದು ಸಲ ತಟ್ಟೆ ಸಮೇತ ತೂಗಿ ತಟ್ಟೆಯ ತೂಕ ಕಳೆದರೆ, ಒಟ್ಟು ಹಿಟ್ಟಿನಲ್ಲಿ ಅವರ ಪಾಲು ಎಷ್ಟೆಂದು ಗೊತ್ತಾಗುತ್ತದೆ. ಸ್ವಲ್ಪ ದಿನದಲ್ಲಿ ಕೈಗೇ ಅಂದಾಜು ಸಿಗುತ್ತದೆ, ಆಮೇಲೆ ತಕ್ಕಡಿ ಮೂಲೆಗೆ ಹೋಗಬಹುದು. ತಿಂಗಳಿಗೊಮ್ಮೆ ಮಾತ್ರ ಮತ್ತೆ ತೂಗಿ ನೋಡಿ. ಮುದ್ದೆ ಸದ್ದಿಲ್ಲದೆ ದಪ್ಪ ಆಗುತ್ತಾ ಹೋಗುತ್ತದೆ.

ನಾಲ್ಕನೇ ಹೆಜ್ಜೆ: ಅನ್ನ ಮತ್ತು ಸಾರು

ಅನ್ನಕ್ಕೆ ಸ್ವಲ್ಪ ಬೇರೆ ದಾರಿ. ಖಾಲಿ ಪಾತ್ರೆಯ ತೂಕ ಮೊದಲು ಬರೆದಿಟ್ಟುಕೊಳ್ಳಿ. ನಮ್ಮ ಕಡೆ ಪಾತ್ರೆ ಮೇಲೆ ಹೆಸರು ಕೆತ್ತಿಸುವ ಅಭ್ಯಾಸ ಇದೆಯಲ್ಲ, ಅದರ ಪಕ್ಕದಲ್ಲೇ ಮಾರ್ಕರ್‌ನಲ್ಲಿ ತೂಕ ಬರೆದರೆ ದಿನಾ ಹುಡುಕಬೇಕಾಗಿಲ್ಲ. ಒಂದು ಪಾವು ಅಕ್ಕಿ ನಿಮ್ಮ ಮನೆಯ ಪಾವಿನಲ್ಲಿ ಎಷ್ಟು ತೂಗುತ್ತದೆ ಅಂತಲೂ ನೋಡಿ. ತಲೆ ಕಟ್ಟಿ ತುಂಬುವವರು, ಸಮ ಗೀಸುವವರು ಇಬ್ಬರ ಅಳತೆಯೂ ಒಂದಲ್ಲ.

250 ಗ್ರಾಂ ಅಕ್ಕಿಯಲ್ಲಿ 195 ಗ್ರಾಂ ಕಾರ್ಬ್. ಅನ್ನ ಆದ ಮೇಲೆ ಪಾತ್ರೆ ಸಮೇತ ತೂಗಿ, ಪಾತ್ರೆಯ ತೂಕ ಕಳೆಯಿರಿ. 700 ಗ್ರಾಂ ಅನ್ನ ಆಗಿದ್ದರೆ, 100 ಗ್ರಾಂ ಅನ್ನಕ್ಕೆ 28 ಗ್ರಾಂ. ಈಗ ನಿಮ್ಮ ಅನ್ನದ ಕೈಯಲ್ಲಿ (ಬಡಿಸುವ ಸೌಟಿನಲ್ಲಿ) ಒಂದು ಸಲ ಬಡಿಸಿ ತೂಗಿದರೆ, ಒಂದು ಕೈ ಅನ್ನಕ್ಕೆ ಎಷ್ಟು ಅಂತ ಸಿಗುತ್ತದೆ. ಅದನ್ನು ಅಡುಗೆಮನೆಯ ಕ್ಯಾಲೆಂಡರ್ ಮೇಲೆ ಬರೆದು ಹಾಕಿ.

ಸಾರಿಗೆ ಇಷ್ಟೊಂದು ತಲೆಕೆಡಿಸಿಕೊಳ್ಳಬೇಡಿ. ನಾಲ್ಕು ಜನಕ್ಕೆ 100 ಗ್ರಾಂ ತೊಗರಿಬೇಳೆ ಹಾಕಿದರೆ ಒಬ್ಬರಿಗೆ 14 ಗ್ರಾಂ ಕಾರ್ಬ್. ತಿಳಿಸಾರಿಗೆ ಅದಕ್ಕಿಂತ ಕಡಿಮೆ. ಹುರುಳಿಕಾಳು ಸಾರು, ಹಿತಕಿದ ಬೇಳೆ ಸಾರು ಆದರೆ ಕಾಳು ಎಷ್ಟು ಬಿತ್ತು ಅಂತ ಗಮನಿಸಿ. ಅವರೆಕಾಯಿ ಕಾಲದಲ್ಲಿ ಕಾಳೇ ಊಟ ಆಗಿಬಿಡುತ್ತದೆ, ಅಲ್ವಾ? ಆಗ ಮುದ್ದೆಯನ್ನು ಇನ್ನಷ್ಟು ಚಿಕ್ಕದು ಮಾಡಿ.

ಐದನೇ ಹೆಜ್ಜೆ: ತಿಂಡಿ, ಕಾಫಿ, ಹಣ್ಣು

ಕ್ಯಾತ್ಸಂದ್ರ ದಾಟುವಾಗ ತಟ್ಟೆ ಇಡ್ಲಿ ತಿನ್ನದೆ ಬರುವುದು ಕಷ್ಟ. ಅದಕ್ಕೂ ಲೆಕ್ಕ ಇದೆ. 300 ಗ್ರಾಂ ಅಕ್ಕಿ, 100 ಗ್ರಾಂ ಉದ್ದಿನಬೇಳೆ ರುಬ್ಬಿದರೆ ಹಿಟ್ಟಿನಲ್ಲಿ ಒಟ್ಟು 285 ಗ್ರಾಂ ಕಾರ್ಬ್. ಅದೇ ಹಿಟ್ಟಿನಲ್ಲಿ 30 ಸಣ್ಣ ಇಡ್ಲಿ ಆದರೆ ಒಂದಕ್ಕೆ 9.5 ಗ್ರಾಂ. ಒಂಬತ್ತು ತಟ್ಟೆ ಇಡ್ಲಿ ಆದರೆ ಒಂದಕ್ಕೆ ಸುಮಾರು 32. ತಟ್ಟೆ ಇಡ್ಲಿ ಒಂದು ಅಂದರೆ ಸಣ್ಣ ಇಡ್ಲಿ ಮೂರಕ್ಕಿಂತ ಜಾಸ್ತಿ. ಹೋಟೆಲಿನವರು ಅವಲಕ್ಕಿ, ಸಬ್ಬಕ್ಕಿ ಸೇರಿಸಿ ರುಬ್ಬುವುದೂ ಉಂಟು. ಸರಿಯಾಗಿ ತಿಳಿಯಬೇಕಾದರೆ ಒಂದು ಪಾರ್ಸೆಲ್ ತಂದು ತೂಗಿ ನೋಡಿ. ಮನೆಯ ಸಣ್ಣ ಇಡ್ಲಿ 38 ಗ್ರಾಂ ತೂಗಿ ಅದರಲ್ಲಿ 9.5 ಗ್ರಾಂ ಕಾರ್ಬ್ ಇದ್ದರೆ 100 ಗ್ರಾಂ ಇಡ್ಲಿಗೆ 25 ಆಯಿತು. ಹೋಟೆಲಿನ ಇಡ್ಲಿಗೂ ಅದೇ ಲೆಕ್ಕ ಹಿಡಿಯಿರಿ, ದೊಡ್ಡ ತಪ್ಪಾಗುವುದಿಲ್ಲ.

ದೋಸೆ, ಉಪ್ಪಿಟ್ಟು, ಚಿತ್ರಾನ್ನ ಎಲ್ಲಕ್ಕೂ ಇದೇ ದಾರಿ: ಒಣ ಪದಾರ್ಥ ತೂಗು, ಕಾರ್ಬ್ ಹಾಕು, ಪಾಲು ಮಾಡು.

ಕಾಫಿ ಟೀಯನ್ನು ಜನ ಮರೆಯುತ್ತಾರೆ. 100 ಎಂಎಲ್ ಹಾಲಿಗೆ 5 ಗ್ರಾಂ, ಎರಡು ಸಮ ಚಮಚ ಸಕ್ಕರೆಗೆ 10 ಗ್ರಾಂ. ಹೀಗೆ ಒಂದು ಗಟ್ಟಿ ಕಾಫಿ 15 ಗ್ರಾಂ. ದಿನಕ್ಕೆ ನಾಲ್ಕು ಕುಡಿದರೆ ಅಲ್ಲೇ ಒಂದು ಊಟದ ಕಾರ್ಬ್ ಹೋಯಿತು.

ಹಣ್ಣಿನಲ್ಲಿ ಬಾಳೆ 100 ಗ್ರಾಂ ತಿರುಳಿಗೆ 23-24 ಗ್ರಾಂ. ಒಂದು ಸಣ್ಣ ಏಲಕ್ಕಿ ಬಾಳೆಗೆ 12 ಅಂತ ಇಟ್ಟುಕೊಳ್ಳಿ. ಮಾವಿಗೆ 100 ಗ್ರಾಂ ತಿರುಳಿಗೆ 15ರ ಹತ್ತಿರ. ಚೇಳೂರು ಸಂತೆಯಿಂದ ಹಲಸು ಬಂತೆಂದರೆ ಮನೆಯಲ್ಲಿ ಯಾರ ಕೈಯೂ ನಿಲ್ಲುವುದಿಲ್ಲ. 100 ಗ್ರಾಂ ತೊಳೆಗೆ 20 ಗ್ರಾಂ ಹಿಡಿದು ಲೆಕ್ಕ ಹಾಕಿ, ಬೀಜ ತೆಗೆದು ತೂಗಿ. ನಾಲ್ಕೈದು ತೊಳೆ ತಟ್ಟೆಗೆ ಹಾಕಿಕೊಂಡು ದೂರ ಹೋಗಿ ಕೂತು ತಿನ್ನುವುದು ನನಗೆ ಗೊತ್ತಿರುವ ಏಕೈಕ ಉಪಾಯ. ಎಳನೀರಿನ ಒಂದು ದೊಡ್ಡ ಲೋಟಕ್ಕೆ 8ರಿಂದ 10 ಗ್ರಾಂ.

ಹಬ್ಬದ ಹೋಳಿಗೆ ಕೇಳುತ್ತೀರಾ? ಒಂದರಲ್ಲಿ 20 ಗ್ರಾಂ ಬೇಳೆ, 20 ಗ್ರಾಂ ಬೆಲ್ಲ, 15 ಗ್ರಾಂ ಮೈದಾ ಇದ್ದರೆ 11, 17, 11, ಒಟ್ಟು 39. ಯುಗಾದಿ ದಿನ ಒಂದು ಹೋಳಿಗೆ ತಿಂದು ಅನ್ನ ಬಿಟ್ಟರೆ ಆಯಿತು. ಎರಡನೇದಕ್ಕೆ ಅತ್ತೆಯೋ ಚಿಕ್ಕಮ್ಮನೋ ಬಲವಂತ ಮಾಡುತ್ತಾರೆ. 'ಕಟ್ಟಿ ಕೊಡಿ, ನಾಳೆ ತಿಂತೀನಿ' ಅಂದರೆ ಯಾರಿಗೂ ಬೇಜಾರಾಗುವುದಿಲ್ಲ.

ಆರನೇ ಹೆಜ್ಜೆ: ಬೆರಳು ಚುಚ್ಚಿ ನೋಡಿ

ಲೆಕ್ಕ ಸರಿಯೋ ತಪ್ಪೋ ಹೇಳುವುದು ಗ್ಲುಕೋಮೀಟರ್. ಊಟಕ್ಕೆ ಕೂರುವ ಮೊದಲು ಒಂದು ಸಲ, ಮೊದಲ ತುತ್ತು ಇಟ್ಟ ಎರಡು ಗಂಟೆಗೆ ಒಂದು ಸಲ ನೋಡಿ. ಎರಡು ಗಂಟೆ ಎಣಿಸುವುದು ಊಟ ಶುರುವಾದ ಹೊತ್ತಿನಿಂದ, ಕೈ ತೊಳೆದ ಹೊತ್ತಿನಿಂದ ಅಲ್ಲ. ಬೆರಳಲ್ಲಿ ಹಣ್ಣಿನ ರಸ ಅಂಟಿದ್ದರೆ ಮೀಟರ್ ಸುಳ್ಳು ಹೇಳುತ್ತದೆ. ಹಲಸು ಬಿಡಿಸಿದ ಕೈಯನ್ನು ಸೋಪು ಹಾಕಿ ತೊಳೆದು, ಒರೆಸಿ ಚುಚ್ಚಿ.

ಹೆಚ್ಚಿನವರಿಗೆ ಊಟಕ್ಕೆ ಮೊದಲು 80ರಿಂದ 130, ಎರಡು ಗಂಟೆ ಬಳಿಕ 180ರ ಒಳಗೆ ಅಂತ ಗುರಿ ಕೊಡುತ್ತಾರೆ. ವಯಸ್ಸಾದವರಿಗೆ ಡಾಕ್ಟರ್ ಸಡಿಲ ಮಾಡಬಹುದು, ಬಸುರಿಯರಿಗೆ ಬಿಗಿ ಮಾಡುತ್ತಾರೆ.

ಸ್ಟ್ರಿಪ್ ದುಬಾರಿ, ದಿನಾ ಆರು ಸಲ ಚುಚ್ಚಲು ಎಲ್ಲರಿಗೂ ಆಗುವುದಿಲ್ಲ. ಹಾಗಾಗಿ ಒಂದು ವಾರ ಬೆಳಗಿನ ತಿಂಡಿ ಮಾತ್ರ ಹಿಡಿಯಿರಿ, ಮುಂದಿನ ವಾರ ರಾತ್ರಿ ಊಟ. ನೋಟ್ ಬುಕ್ಕಿನಲ್ಲಿ ಒಂದೇ ಸಾಲು ಸಾಕು: 'ಮುದ್ದೆ 40, ಬಸ್ಸಾರು 12, ಮಜ್ಜಿಗೆ 5. ಮೊದಲು 118, ಆಮೇಲೆ 162.' ಇಂಥ ಸಾಲುಗಳು ಸೇರುತ್ತಾ ಹೋದರೆ ನಿಮ್ಮ ಮೈಗೆ ಏನು ಹಿಡಿಸುತ್ತದೆ ಅನ್ನೋದು ಕಾಣುತ್ತದೆ. ಅದೇ 57 ಗ್ರಾಂ ಒಬ್ಬರಿಗೆ 40 ಏರಿಸಿದರೆ ಇನ್ನೊಬ್ಬರಿಗೆ 90 ಏರಿಸುತ್ತದೆ.

ಬೆಳಗ್ಗೆ ಖಾಲಿ ಹೊಟ್ಟೆಯ ಶುಗರ್ ಹೆಚ್ಚಿದ್ದರೆ ರಾತ್ರಿ ಊಟವನ್ನೇ ಬೈಯಬೇಡಿ. ನಸುಕಿನಲ್ಲಿ ಲಿವರ್ ತಾನಾಗಿ ಸಕ್ಕರೆ ಬಿಡುಗಡೆ ಮಾಡುತ್ತದೆ. ಉಪವಾಸ ಮಲಗಿದರೂ ಅದು ಏರಬಹುದು. ಇದಕ್ಕೆ ಔಷಧಿಯ ಕಡೆಯಿಂದ ದಾರಿ ಹುಡುಕಬೇಕು.

ಇನ್ಸುಲಿನ್ ತೆಗೆದುಕೊಳ್ಳುವವರಿಗೆ

ನಿಮ್ಮದು ಯಾವ ಇನ್ಸುಲಿನ್ ಅನ್ನೋದು ಮೊದಲ ಪ್ರಶ್ನೆ. ಬೆಳಗ್ಗೆ ಸಂಜೆ ಎರಡು ಹೊತ್ತು ಹಾಕಿಕೊಳ್ಳುವ 30/70 ಮಿಕ್ಸ್ (ಬೇಗ ಕೆಲಸ ಮಾಡುವುದು, ನಿಧಾನದ್ದು ಎರಡೂ ಬೆರೆತದ್ದು) ಆದರೆ, ಊಟ ನೋಡಿಕೊಂಡು ಡೋಸ್ ಬದಲಿಸುವ ಹಾಗಿಲ್ಲ. ಡೋಸ್ ಅಷ್ಟೇ ಇರುತ್ತದೆ, ಊಟವೇ ಅದಕ್ಕೆ ಹೊಂದಬೇಕು. ದಿನವೂ ಅದೇ ಹೊತ್ತಿಗೆ, ಅಷ್ಟೇ ಕಾರ್ಬ್. ಮಧ್ಯಾಹ್ನದ ಊಟ ತಪ್ಪಿಸುವುದು ಇವರಿಗೆ ತುಂಬಾ ಅಪಾಯ.

ಊಟಕ್ಕೊಂದು ಸಲ ಬೇಗ ಕೆಲಸ ಮಾಡುವ ಇನ್ಸುಲಿನ್, ದಿನಕ್ಕೊಂದು ನಿಧಾನದ ಇನ್ಸುಲಿನ್ ಇದ್ದವರಿಗೆ ಡಾಕ್ಟರ್ ಒಂದು ಅನುಪಾತ ಕೊಡುತ್ತಾರೆ. ಶುರುವಿಗೆ 500ನ್ನು ದಿನದ ಒಟ್ಟು ಯೂನಿಟ್‌ನಿಂದ ಭಾಗಿಸುವ ಪದ್ಧತಿ ಇದೆ. ಒಟ್ಟು 50 ಯೂನಿಟ್ ಆದರೆ, 10 ಗ್ರಾಂ ಕಾರ್ಬ್‌ಗೆ ಒಂದು ಯೂನಿಟ್. ಹಾಗಾದರೆ ಮೇಲಿನ 57 ಗ್ರಾಂ ಊಟಕ್ಕೆ 5.7, ಅಂದರೆ ಐದೂವರೆ ಇಲ್ಲವೇ ಆರು ಯೂನಿಟ್. ಬೆಳಗಿನ ಅನುಪಾತ, ರಾತ್ರಿಯ ಅನುಪಾತ ಬೇರೆ ಇರಬಹುದು. ಈ ಲೆಕ್ಕವನ್ನು ಇದನ್ನು ಓದಿ ಶುರು ಮಾಡಬೇಡಿ, ನೋಟ್ ಬುಕ್ ತೆಗೆದುಕೊಂಡು ಹೋಗಿ ಡಾಕ್ಟರ್ ಬಾಯಲ್ಲೇ ಕೇಳಿ.

ಶುಗರ್ ಇಳಿದುಬಿಟ್ಟರೆ

ಕೈ ನಡುಕ, ಬೆವರು, ಎದೆ ಡವಡವ, ವಿಪರೀತ ಹಸಿವು, ಮಾತು ತೊದಲುವುದು. ಮೀಟರ್ 70ಕ್ಕಿಂತ ಕಡಿಮೆ ತೋರಿಸಿದರೆ ತಕ್ಷಣ 15 ಗ್ರಾಂ ಗ್ಲುಕೋಸ್ ಪುಡಿ, ಇಲ್ಲವೇ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ. ಹದಿನೈದು ನಿಮಿಷ ಬಿಟ್ಟು ನೋಡಿ. ಇನ್ನೂ 70 ದಾಟದಿದ್ದರೆ ಮತ್ತೆ ಅಷ್ಟೇ. ಸರಿಹೋದ ಮೇಲೆ ಊಟದ ಹೊತ್ತು ದೂರ ಇದ್ದರೆ ಏನಾದರೂ ತಿನ್ನಿ. ಮುದ್ದೆ, ಚಾಕೊಲೇಟ್ ಈ ಹೊತ್ತಿಗಲ್ಲ, ಅವು ನಿಧಾನ.

ವಾಗ್ಲಿಬೋಸ್ ಇಲ್ಲವೇ ಅಕಾರ್ಬೋಸ್ ಮಾತ್ರೆ ನುಂಗುವವರಿಗೆ ಸಕ್ಕರೆ ನೀರು ಬೇಗ ಕೆಲಸ ಮಾಡುವುದಿಲ್ಲ. ಆ ಮಾತ್ರೆಯ ಕೆಲಸವೇ ಸಕ್ಕರೆ ಒಡೆಯುವುದನ್ನು ತಡೆಯುವುದು. ಅವರ ಜೇಬಿನಲ್ಲಿ ಗ್ಲುಕೋಸ್ ಪುಡಿಯೇ ಇರಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ಪ್ಯಾಕೆಟ್ ತಿಂಡಿ ಮತ್ತು ಬೀಗರೂಟ

ಪ್ಯಾಕೆಟ್ ಹಿಂದೆ ಸಕ್ಕರೆ ಎಷ್ಟು ಅಂತ ಮಾತ್ರ ನೋಡಿ ಕೊಳ್ಳುವವರೇ ಹೆಚ್ಚು. ನೋಡಬೇಕಾದ್ದು ಒಟ್ಟು ಕಾರ್ಬೋಹೈಡ್ರೇಟ್ ಸಾಲು. 'ಶುಗರ್ ಫ್ರೀ' ಬಿಸ್ಕತ್ತಿನಲ್ಲೂ ಹಿಟ್ಟು ಇದ್ದೇ ಇರುತ್ತದೆ. ಅಂಕಿ 100 ಗ್ರಾಂಗೋ, ಒಂದು ಸಲ ತಿನ್ನುವ ಪಾಲಿಗೋ ಅಂತಲೂ ನೋಡಿ. ಒಂದು ಬಿಸ್ಕತ್ತಿನ ತೂಕ ತಿಳಿಯಲು ಪ್ಯಾಕೆಟ್ ತೂಕವನ್ನು ಬಿಸ್ಕತ್ತಿನ ಲೆಕ್ಕದಿಂದ ಭಾಗಿಸಿ.

ಬೀಗರೂಟಕ್ಕೆ ತಕ್ಕಡಿ ಹೊತ್ತುಕೊಂಡು ಹೋಗಲು ಆಗುವುದಿಲ್ಲ. ಮನೆಯಲ್ಲಿ ತೂಗಿದ ಮುದ್ದೆ ಕಣ್ಣಿಗೆ ಪರಿಚಯ ಆಗಿರುತ್ತದಲ್ಲ, ಎಲೆ ಮೇಲಿನ ಮುದ್ದೆಯನ್ನು ಅದರ ಜೊತೆ ಹೋಲಿಸಿ. ದೊಡ್ಡದಾಗಿದ್ದರೆ ಮುರಿದು ಬದಿಗಿಡಿ, ಅದೂ ಸಾರು ಬಡಿಸುವ ಮೊದಲೇ. ಸಾರು ಬಿದ್ದ ಮೇಲೆ ಮುರಿದಿಡುವ ಮನಸ್ಸು ಯಾರಿಗೂ ಬರುವುದಿಲ್ಲ. ಮಟನ್ ಸಾರು, ಬೋಟಿ, ಚಾಪ್ಸ್‌ಗೆ ಕಾರ್ಬ್ ಲೆಕ್ಕ ಇಲ್ಲವಾದರೂ, ಕೊಬ್ಬು ಜಾಸ್ತಿ ಇರುವ ಊಟದಲ್ಲಿ ಶುಗರ್ ತಡವಾಗಿ ಏರುತ್ತದೆ. ಊಟ ಶುರುವಾಗಿ ಎರಡು ಗಂಟೆಗೆ 150 ಕಂಡು ಸಮಾಧಾನ ಪಟ್ಟರೆ ನಾಲ್ಕು ಗಂಟೆಗೆ 220 ಇರಬಹುದು. ಅಂಥ ದಿನ ಒಂದು ಸ್ಟ್ರಿಪ್ ಹೆಚ್ಚು ಖರ್ಚಾದರೂ ನಾಲ್ಕನೇ ಗಂಟೆಗೆ ಇನ್ನೊಂದು ಸಲ ನೋಡಿ ಬರೆದಿಟ್ಟುಕೊಳ್ಳಿ.